ಶನಿವಾರದ ರಾತ್ರಿಯ ರತ್ನ

ಮಿತವಾಗಿ ಮಾತನಾಡುವ ನೌಕರನನ್ನು ನಮ್ಮ ಹಳ್ಳಿಗಳು ಸುಲಭವಾಗಿ ನಂಬುವುದಿಲ್ಲ. ವರ್ಗವಾಗಿ ಬಂದವನು ಒಂದು ವಾರದೊಳಗಾಗಿ ತನ್ನ ಊರು, ಸಂಬಳ, ಮಕ್ಕಳ ಸಂಖ್ಯೆ, ಹಿಂದಿನ ಊರಿನಲ್ಲಿ ಯಾರೊಡನೆ ಜಗಳವಾಡಿ ಬಂದನೆಂಬ ವಿವರ, ಇವಿಷ್ಟನ್ನೂ ಚಹದಂಗಡಿಯ ಬೆಂಚಿನ ಮೇಲೆ ಕುಳಿತು ಒಪ್ಪಿಸಿಬಿಡಬೇಕು. ಒಪ್ಪಿಸದವನ ವಿಷಯದಲ್ಲಿ ಊರು ಸುಮ್ಮನಿರುವುದಿಲ್ಲ. ತಿಳಿಯದ ಭಾಗವನ್ನು ತಾನೇ ಬರೆದುಕೊಳ್ಳುತ್ತದೆ. ಲೊಕ್ಕನಹಳ್ಳಿಯಲ್ಲಿ ನಾನು ಕೆಲಸಕ್ಕಿದ್ದ ವರ್ಷಗಳಲ್ಲಿ ಹೀಗೆ ಊರಿನವರಿಂದ ಬರೆಸಿಕೊಂಡವರು ನಮ್ಮ ಕಛೇರಿಯ ಲೆಕ್ಕಿಗರು. ಅವರ ಹೆಸರು ಇಲ್ಲಿ ಬೇಡ. ಹೆಸರು ಹೇಳಿಸಿಕೊಳ್ಳುವುದು ಅಂದಿಗೂ ಅವರಿಗೆ ಇಷ್ಟವಿರಲಿಲ್ಲ.

ಲೊಕ್ಕನಹಳ್ಳಿ ಈಗ ಹನೂರು ತಾಲ್ಲೂಕಿಗೆ ಸೇರಿದ್ದು. ಆಗ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು, ಜಿಲ್ಲೆ ಮೈಸೂರು. ಊರು ದಾಟಿ ಮುಂದೆ ಹೋದರೆ ಒಡೆಯರಪಾಳ್ಯ, ಅಲ್ಲಿ ಟಿಬೆಟ್ಟಿನ ನಿರಾಶ್ರಿತರ ಬಿಡಾರಗಳು, ಅದರಾಚೆ ಕಾಡು. ಕತ್ತಲಾದ ಮೇಲೆ ಆ ಕಡೆಯಿಂದ ಬರುವುದೆಂದರೆ ಗಾಳಿ, ಇಲ್ಲವೆ ಆನೆ ಎಂದು ಊರಿನವರು ಹೇಳುತ್ತಿದ್ದರು. ಲೆಕ್ಕಿಗರು ಹಿಡಿದಿದ್ದ ಬಾಡಿಗೆ ಕೊಠಡಿಯಲ್ಲಿ ಒಂಬತ್ತಕ್ಕೆ ದೀಪ ಆರುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿರುವಾಗ ಅವರು ಕಛೇರಿಯ ಮೆಟ್ಟಿಲನ್ನು ಹತ್ತುತ್ತಿದ್ದರು. ಇಸ್ತ್ರಿಯ ಅಂಗಿ, ಜೇಬಿನಲ್ಲಿ ಎರಡು ಲೇಖನಿ, ಕಂಕುಳಲ್ಲಿ ಕೊಡೆ. ಮಾತು ಅಗತ್ಯಕ್ಕೆ ತಕ್ಕಷ್ಟು. ನಗು ಅದಕ್ಕಿಂತಲೂ ಕಡಮೆ. ಮೂರು ಪೈಸೆ ವ್ಯತ್ಯಾಸ ಬಂದರೆ ಇಡೀ ಪುಸ್ತಕವನ್ನು ಮೊದಲಿಂದ ಕೂಡುವ ಜಾತಿಯ ಮನುಷ್ಯ.

ಇಂಥವರು ಶನಿವಾರ ಸಂಜೆ ಮಾಯವಾಗುತ್ತಿದ್ದರು. ಕಛೇರಿ ಮುಗಿದೊಡನೆ ಹನೂರಿನ ಕಡೆಯ ಬಸ್ಸು ಹತ್ತಿದರೆ ಮರಳಿ ಕಾಣುತ್ತಿದ್ದುದು ಭಾನುವಾರ ಮಧ್ಯಾಹ್ನ, ಕಣ್ಣು ಕೆಂಪಾಗಿ, ಗಡ್ಡ ಬೆಳೆದು. ಮದುವೆಯಾದವರು, ಆದರೆ ಸಂಸಾರ ಜೊತೆಯಲ್ಲಿಲ್ಲ. ಇಷ್ಟು ಸಾಕಲ್ಲವೆ? ಮೊದಲು ಇಸ್ಪೀಟು ಎಂದರು. ಆಮೇಲೆ ಯಾರೋ ಕೊಳ್ಳೇಗಾಲದ ಬಾರೊಂದರಲ್ಲಿ ಅವರನ್ನು ಕಣ್ಣಾರೆ ಕಂಡು ಬಂದರು. ಕುಡಿತವೆಂಬುದು ಸಿದ್ಧವಾದ ಮೇಲೆ ಅದರ ಹಿಂದೆ ಒಬ್ಬ ಹೆಂಗಸು ಇರಲೇಬೇಕೆಂಬುದು ಇನ್ನೊಂದು ತಿಂಗಳಿನಲ್ಲಿ ತೀರ್ಮಾನವಾಯಿತು. ಮಹದೇಶ್ವರನ ಗುಡ್ಡರು ಕಂಸಾಳೆ ಹಿಡಿದು ಇರುಳೆಲ್ಲ ಹಾಡುವ ಸಂಕಮ್ಮನ ಕಥೆಯನ್ನು ಎಳವೆಯಿಂದ ಕೇಳಿದ ಸೀಮೆ ಅದು. ಕಾಡಿಗೆ ಹೊರಟ ಗಂಡ ನೀಲೇಗೌಡ ಮನೆಯಲ್ಲಿ ಉಳಿಯುವ ಹೆಂಡತಿಯ ಮೇಲೆ ಅನುಮಾನಪಟ್ಟು ಆಣೆ ಭಾಷೆ ಕೇಳುವ ಕಥೆ. ಗಂಡಹೆಂಡಿರು ಅಗಲಿದ್ದರೆ ಅಲ್ಲಿ ಏನೋ ಒಂದು ಇದ್ದೇ ಇರುತ್ತದೆಂದು ಅಲ್ಲಿನ ಜನಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ.

ಬೇರೆ ಕಾಲವಾಗಿದ್ದರೆ ಇದು ಚಹದಂಗಡಿಯ ಮಾತಾಗಿಯೇ ಮುಗಿಯುತ್ತಿತ್ತು. ಆದರೆ ನಾನು ಹೇಳುತ್ತಿರುವುದು 1992ರ ಸಂಗತಿ. ಆ ವರ್ಷ ಮೇ ತಿಂಗಳಲ್ಲಿ ವೀರಪ್ಪನ್ನನ ತಂಡ ರಾಮಾಪುರದ ಪೋಲೀಸು ಠಾಣೆಗೇ ನುಗ್ಗಿ ಪೇದೆಗಳನ್ನು ಕೊಂದಿತ್ತು. ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚುಹಾಕಿ ಜಿಲ್ಲಾ ಪೋಲೀಸು ಅಧಿಕಾರಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರೊಡನಿದ್ದವರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಏಪ್ರಿಲ್ 9ರಂದು ಪಾಲಾರಿನಲ್ಲಿ ನೆಲಬಾಂಬು ಸಿಡಿದು ಇಪ್ಪತ್ತೆರಡು ಜನ ಸತ್ತರು. ಕತ್ತಲಾದ ಮೇಲೆ ದಾರಿಯಲ್ಲಿ ಕಂಡವನು ಯಾರ ಕಡೆಯವನೆಂಬ ಪ್ರಶ್ನೆ ಎರಡು ಕಡೆಯಿಂದಲೂ ಏಳುತ್ತಿದ್ದ ದಿನಗಳವು. ಅಕ್ಕಿ ಮೂಟೆ ಒಂದು ಹೆಚ್ಚು ಕೊಂಡವನು ಲೆಕ್ಕ ಹೇಳಬೇಕಾಗಿತ್ತು. ಅಂಥ ಕಾಲದಲ್ಲಿ, ಯಾರಿಗೂ ಹೇಳದೆ ವಾರವಾರವೂ ರಾತ್ರಿ ಹೊರಗೆ ಕಳೆದು ಬರುವ ಮೌನಿಯೊಬ್ಬನ ಮೇಲೆ ಯಾರ ಕಣ್ಣು ಬಿದ್ದರೂ ಅಪಾಯವೇ.

ಬಿದ್ದೇ ಬಿದ್ದಿತು. ಒಂದು ದಿನ ಅವರನ್ನು ಕರೆಸಿ ಕೇಳಿದರು. ಇದನ್ನು ಅವರೇ ನನಗೆ ಹೇಳಿದ್ದರಿಂದ ಹೇಳಿದಂತೆಯೇ ಬರೆಯುತ್ತೇನೆ.

“ಶನಿವಾರ ರಾತ್ರಿ ಎಲ್ಲಿಗೆ ಹೋಗ್ತೀರಿ?”

“ಕೊಳ್ಳೇಗಾಲಕ್ಕೆ, ಸಾರ್.”

“ಏನು ಕೆಲಸ?”

“ಕುಡಿಯೋದಕ್ಕೆ, ಸಾರ್.”

ಕೇಳಿದವರು ನಕ್ಕುಬಿಟ್ಟರಂತೆ. “ಮೇಷ್ಟ್ರ ಹಾಗಿದ್ದೀರಿ, ಬಲೇ ಆಸಾಮಿ” ಎಂದು ಬೆನ್ನು ತಟ್ಟಿ ಕಳಿಸಿದರು. ಊರಿಗೆ ಸುದ್ದಿ ಮುಟ್ಟಿದ ಮೇಲೆ ಊರಿಗೂ ಸಮಾಧಾನವಾಯಿತು. ಕುಡುಕನಲ್ಲವೆ, ಮತ್ತೇನೂ ಅಲ್ಲವಲ್ಲ!

ಅದಾದ ಎರಡು ವಾರಕ್ಕೆ ಲೆಕ್ಕಿಗರು ನನ್ನ ಮೇಜಿನ ಬಳಿ ಬಂದು ಒಂದು ಚೀಟಿ ಇಟ್ಟರು. ಅದರಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯೊಂದರ ದೂರವಾಣಿ ಸಂಖ್ಯೆಯಿತ್ತು. “ಕಾಲ ಸರಿಯಿಲ್ಲ. ನನಗೇನಾದರೂ ಆದರೆ ಯಾರಿಗೆ ತಿಳಿಸಬೇಕೆಂಬುದು ಇಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಈ ಶನಿವಾರ ಬಿಡುವಿದ್ದರೆ ಬನ್ನಿ” ಎಂದರು. ನಾನು ಅವರ ಬಾಯಿಂದ ಕೇಳಿದ ಅತ್ಯಂತ ದೀರ್ಘವಾದ ಮಾತು ಅಂದಿಗೆ ಅದೇ.

ಬಾರು ಕೊಳ್ಳೇಗಾಲದ ಬಸ್ಸು ನಿಲ್ದಾಣದಿಂದ ದೂರವೇನಿಲ್ಲ. ಕೆಂಪು ಬಲ್ಬು, ಬೀಡಿಯ ಹೊಗೆ, ಟೇಪ್ ರೆಕಾರ್ಡರಿನಲ್ಲಿ ಸಿನಿಮಾ ಹಾಡು. ರೇಷ್ಮೆಯ ದಲ್ಲಾಳಿಗಳು, ಲಾರಿಯವರು, ಕಲ್ಲುಕ್ವಾರಿಯ ಮೇಸ್ತ್ರಿಗಳು. ಮೂಲೆಯ ಮೇಜಿಗೆ ಲೆಕ್ಕಿಗರು ಕುಳಿತೊಡನೆ ಸಪ್ಲೈಯರ್ ಹುಡುಗ ಏನೂ ಕೇಳದೆ ಒಂದು ಸೋಡವನ್ನೂ ಹುರಿದ ಕಡಲೆಬೀಜದ ತಟ್ಟೆಯನ್ನೂ ತಂದಿಟ್ಟನು. ನನಗೂ ಅದೇ ಬಂದಿತು. ಗಂಟೆ ಎಂಟು. “ಹನ್ನೊಂದರವರೆಗೆ ಕೂರಬೇಕು” ಎಂದರು ಲೆಕ್ಕಿಗರು.

ಈಗಿನ ತರುಣರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ದೂರದೂರಿಗೆ ನೇರವಾಗಿ ಮಾತನಾಡುವ ಎಸ್‌ಟಿಡಿ ಬೂತುಗಳು ಪಟ್ಟಣಗಳಲ್ಲಿ ಆಗತಾನೆ ಹರಡಿಕೊಂಡಿದ್ದವು. ಹಗಲು ಪೂರ್ತಿ ದರ. ಸಂಜೆಯ ಮೇಲೆ ಅರ್ಧ. ರಾತ್ರಿ ಹನ್ನೊಂದಾದ ಮೇಲೆ ಕಾಲು. ಗುಮಾಸ್ತನ ಸಂಬಳದಲ್ಲಿ ಹುಬ್ಬಳ್ಳಿಯೊಡನೆ ಹಗಲು ಐದು ನಿಮಿಷ ಮಾತನಾಡುವ ಹಣದಲ್ಲಿ ಹನ್ನೊಂದರ ಮೇಲೆ ಇಪ್ಪತ್ತು ನಿಮಿಷ ಮಾತನಾಡಬಹುದಾಗಿತ್ತು. ಲೊಕ್ಕನಹಳ್ಳಿಯಿಂದ ಮಾತನಾಡುವುದೆಂದರೆ ಕೂಗಬೇಕು; ಕೂಗಿದರೆ ಬೀದಿಗೆಲ್ಲ ಕೇಳುತ್ತದೆ. ಆದ್ದರಿಂದ ಕೊಳ್ಳೇಗಾಲ. ಹನ್ನೊಂದು ಗಂಟೆಯವರೆಗೆ ಕುಳಿತುಕೊಳ್ಳಲು ತೆರೆದಿರುವ ಜಾಗವೆಂದರೆ ಬಾರೊಂದೇ. ಬಾರಿನ ಗೋಡೆಗೆ ಅಂಟಿಕೊಂಡೇ ಬೂತು. ಬಾಗಿಲು ಹಾಕುವ ಹೊತ್ತಿಗೂ ದರ ಇಳಿಯುವ ಹೊತ್ತಿಗೂ ಸರಿಹೋಗುತ್ತಿತ್ತು.

ಅತ್ತಕಡೆ ಇದ್ದವರು ಅವರ ಹೆಂಡತಿ. ಧಾರವಾಡದ ಕಡೆಯವರು, ಆಸ್ಪತ್ರೆಯಲ್ಲಿ ನರ್ಸು; ಶನಿವಾರ ಅವರಿಗೆ ರಾತ್ರಿ ಪಾಳಿ. ಮದುವೆಯಾಗಿ ಹನ್ನೊಂದು ದಿನ ಜೊತೆಯಲ್ಲಿದ್ದು, ಆಮೇಲೆ ಇವರು ಕಾಡಿನಂಚಿಗೆ, ಅವರು ಹುಬ್ಬಳ್ಳಿಗೆ. “ಆ ಹನ್ನೊಂದು ದಿನದಲ್ಲಿ ನಾವು ಮಾತಾಡಿದ್ದು ಊಟದ ವಿಷಯ ಮಾತ್ರ. ಉಪ್ಪು ಸಾಕೆ, ಸಾಕು. ಇಷ್ಟೇ” ಎಂದರು ಲೆಕ್ಕಿಗರು. ದೂರವಾಣಿಯ ಮೊದಲ ತಿಂಗಳುಗಳೂ ಅದೇ ಬಗೆ, ಆರೋಗ್ಯವೆ, ಆರೋಗ್ಯ. ಮುಂದೇನು ಹೇಳಬೇಕೆಂದು ತೋಚದೆ ಬೂತಿನ ಮೀಟರಿನಲ್ಲಿ ಕೆಂಪು ಅಂಕಿಗಳು ಏರುವುದನ್ನು ನೋಡುತ್ತ ನಿಲ್ಲುತ್ತಿದ್ದರಂತೆ. ಒಂದು ರಾತ್ರಿ, ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ‘ರತ್ನನ ಪದಗಳು’ ಸಂಗ್ರಹದ ಒಂದು ಪದ್ಯ ನೆನಪಾಯಿತು. ಹೆಂಡಕುಡುಕ ರತ್ನ ತನ್ನ ನಂಜಿಯ ಮೇಲೆ ಹಾಡುವುದು. ಬೇರೆ ಮಾತಿಲ್ಲದೆ ಅದನ್ನೇ ಮೆಲ್ಲಗೆ ಹೇಳಿದರು. ಅತ್ತ ಕ್ಷಣಕಾಲ ಸದ್ದಿಲ್ಲ. ಅನಂತರ ನಗು. “ಏನ್ರೀ ಇದು, ಕುಡದೀರೇನ?” ಆಮೇಲೆ, “ಇನ್ನೊಮ್ಮೆ ಹೇಳ್ರಿ.”

ಅಂದಿನಿಂದ ವಾರಕ್ಕೊಂದು ಪದ. ಕೂಗಿಲ್ಲ, ರಾಗವೂ ಹೆಚ್ಚಿಲ್ಲ. ಬಾರಿನ ಮೂಲೆಯಲ್ಲಿ ಸೋಡ ಕುಡಿಯುತ್ತ ಮೊದಲು ಒಂದೆರಡು ಸಲ ಗುನುಗಿ ನೆನಪು ಸರಿಮಾಡಿಕೊಳ್ಳುವರು. ಅದನ್ನು ಸಪ್ಲೈಯರ್ ಹುಡುಗ ಕೇಳಿದ. ಅವನಿಂದ ಪಕ್ಕದ ಮೇಜು ಕೇಳಿತು. ನಾನು ಹೋದ ರಾತ್ರಿ ಹತ್ತೂವರೆಗೆ ಯಾರೋ ಟೇಪ್ ರೆಕಾರ್ಡರ್ ನಿಲ್ಲಿಸಿದರು. “ಸಾ, ಈ ವಾರ ಯಾವ್ದು?” ಎಂದ ಒಬ್ಬ ಲಾರಿಯವನು. ಹತ್ತು ಹನ್ನೆರಡು ಜನ ಕುಡುಕರು ಲೋಟ ಕೆಳಗಿಟ್ಟು, ಕುಡಿಯದ ಒಬ್ಬ ಗುಮಾಸ್ತ ಕುಡುಕನ ಪದ ಹೇಳುವುದನ್ನು ಕೇಳಿದರು. ಅವನ್ನು ಬರೆದವರೂ ಕುಡಿಯದವರೇ ಎಂಬುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ.

ಜಿ. ಪಿ. ರಾಜರತ್ನಂ ಅವರನ್ನು ನೆನೆದಾಗಲೆಲ್ಲ ನನಗೆ ಇದೊಂದು ಸೋಜಿಗ. ಪಾಲಿ ಭಾಷೆಯನ್ನು ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರು; ಜೈನ ವಾಙ್ಮಯದ ಮೇಲೂ ದುಡಿದವರು. ಕನ್ನಡ ಮಕ್ಕಳ ಬಾಯಿಗೆ ತುತ್ತೂರಿಯನ್ನೂ ನಾಯಿಮರಿಯನ್ನೂ ಕೊಟ್ಟವರು. ಕಾಲೇಜುಗಳಲ್ಲಿ ಕನ್ನಡ ಅಧ್ಯಾಪಕರಾಗಿ, ಬೆಂಗಳೂರು ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವನ್ನು ಬೆಳೆಸಿ, ತರುಣ ಲೇಖಕರ ಪುಸ್ತಕಗಳನ್ನು ಅಚ್ಚು ಹಾಕಿಸಿದವರು. 1978ರಲ್ಲಿ ದೆಹಲಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, ಮರುವರ್ಷವೇ ತೀರಿಕೊಂಡರು. ಹೆಂಡವನ್ನು ಮುಟ್ಟದ ಶಿಸ್ತಿನ ಮೇಷ್ಟರು. ಇಂಥವರು 1930ರ ದಶಕದಲ್ಲಿ, ಇನ್ನೂ ತರುಣರಾಗಿದ್ದಾಗ, ಪಡಖಾನೆಯಲ್ಲಿ ಕುಳಿತವನ ಬಾಯಲ್ಲಿ ಪದ ಕಟ್ಟಿದರು. ಕಟ್ಟಿದ್ದಷ್ಟೇ ಅಲ್ಲ, ಆ ಕುಡುಕನಿಗೆ ಇಟ್ಟದ್ದು ತಮ್ಮದೇ ಹೆಸರಿನ ತುಂಡು: ರತ್ನ. ಬೇರೆ ಹೆಸರೇ ಸಿಗಲಿಲ್ಲವೆ? ಕೆಂಚ, ಸಿದ್ದ, ಮಾದ ಎಂದು ಊರಿಗೆ ನೂರು ಹೆಸರುಗಳಿರುವಾಗ ಮಾನವಂತ ಕುಟುಂಬದ ವಿದ್ಯಾವಂತರೊಬ್ಬರು ತಮ್ಮ ಹೆಸರನ್ನೇ ಹೆಂಡದಂಗಡಿಗೆ ಕಳುಹಿಸಿದ್ದು ಅಕಸ್ಮಾತ್ತಲ್ಲವೆಂದು ನನ್ನ ಭಾವನೆ. ಹಗಲಿನ ರಾಜರತ್ನಂ ಹೇಳಲಾರದ ಏನನ್ನೋ ಇರುಳಿನ ರತ್ನ ಹೇಳಬೇಕಾಗಿತ್ತು.

ಅದೇನೆಂಬುದನ್ನು ಕಾಣಲು ಬೇರೆ ಪಾನಗೀತೆಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ಪಾರಸಿಯ ಉಮರ್ ಖಯ್ಯಾಮನ ರುಬಾಯಿಗಳನ್ನು ಫಿಟ್ಸ್‌ಜೆರಾಲ್ಡ್ 1859ರಲ್ಲಿ ಇಂಗ್ಲಿಷಿಗೆ ತಿರುಗಿಸಿದ ಮೇಲೆ ಆ ಮಧುಪಾತ್ರೆ ಲೋಕವನ್ನೆಲ್ಲ ಸುತ್ತಿ ಬಂದಿತು. ಕನ್ನಡದಲ್ಲಿ ಡಿ.ವಿ.ಜಿ.ಯವರು ಅದನ್ನು ‘ಉಮರನ ಒಸಗೆ’ಯಾಗಿ ಇಳಿಸಿದರು. ಹಿಂದಿಯಲ್ಲಿ ಅಲಹಾಬಾದಿನ ಉಪಾಧ್ಯಾಯ ಹರಿವಂಶರಾಯ್ ಬಚ್ಚನ್ 1935ರಲ್ಲಿ ‘ಮಧುಶಾಲಾ’ ಹೊರತಂದರು, ಅವರೂ ಕುಡಿಯದವರೇ. ಆದರೆ ಆ ಕಾವ್ಯಗಳಲ್ಲೆಲ್ಲ ಮಧು ಒಂದು ಸಂಕೇತ. ಬಟ್ಟಲು ಬಾಳಿನದು, ಅಂಗಡಿ ಲೋಕದ್ದು, ಎರೆಯುವ ತರುಣಿ ಯಾರ ಹೆಂಡತಿಯೂ ಅಲ್ಲ; ಅವಳಿಗೆ ಹೆಸರಿಲ್ಲ, ಅಡಿಗೆಯ ಮನೆಯಿಲ್ಲ. ರತ್ನನ ಹೆಂಡವೋ ಈಚಲಿನದು, ಕಾಸು ಕೊಟ್ಟು ಕೊಂಡದ್ದು. ಅವನು ಮತ್ತೇರಿ ಹಾಡುವ ಹೆಣ್ಣು ಕಲ್ಪನೆಯ ಸುಂದರಿಯಲ್ಲ, ತಾಳಿ ಕಟ್ಟಿದ ಹೆಂಡತಿ: ನಂಜಿ, ಪುಟ್ನಂಜಿ. ಲೋಕದ ಪಾನಗೃಹಗಳಲ್ಲಿ ಗಂಡಸರು ಹೆಂಡತಿಯನ್ನು ಮರೆಯಲು ಕುಡಿಯುತ್ತಾರೆಂದು ಪ್ರತೀತಿ. ಈ ಒಬ್ಬನೇ ಅಲ್ಲಿ ಕುಳಿತು ಹೆಂಡತಿಯನ್ನು ನೆನೆಯುತ್ತಾನೆ.

ಈಗ ಇದು ದೊಡ್ಡ ಮಾತಾಗಿ ತೋರದಿರಬಹುದು. ಅಂದಿನ ವಿದ್ಯಾವಂತರ ಮನೆಗಳನ್ನು ಬಲ್ಲವರಿಗೆ ಅದರ ತೂಕ ಗೊತ್ತು. ಹೆಂಡತಿಯನ್ನು ಹೆಸರು ಹಿಡಿದು ನಾಲ್ವರೆದುರು ಕರೆಯದ ಕಾಲ. “ನಮ್ಮ ಮನೆಯಲ್ಲಿ ಹೇಳಿದರು” ಎಂದರೆ ಹೆಂಡತಿ ಹೇಳಿದಳೆಂದು ಅರ್ಥ. ಅಂಥ ಕಾಲದಲ್ಲಿ ಹೆಂಡತಿಯ ರೂಪವನ್ನು ಬೀದಿಯಲ್ಲಿ ನಿಂತು ಹಾಡಬಲ್ಲವನು ಇಬ್ಬರಲ್ಲಿ ಒಬ್ಬನೇ, ಹುಚ್ಚ ಅಥವಾ ಕುಡುಕ. ರಾಜರತ್ನಂ ಕುಡುಕನನ್ನು ಆರಿಸಿಕೊಂಡರು. ಮುಂದೆ 1942ರಲ್ಲಿ ‘ಮೈಸೂರ ಮಲ್ಲಿಗೆ’ ಬಂದಿತು. ಬರೆದ ಕೆ. ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಛೇರಿಗಳಲ್ಲಿ ಗುಮಾಸ್ತಿಕೆ ಮಾಡಿ ಬಾಳಿದ ಮೆತ್ತನೆಯ ಮನುಷ್ಯರು. ಅವರ ಪುಟಗಳಲ್ಲಿ ಗಂಡ ಕುಡಿಯದೆಯೇ ಹೆಂಡತಿಯನ್ನು ಮೆಚ್ಚಿಕೊಳ್ಳುತ್ತಾನೆ, ಓದುಗರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಆ ಮಲ್ಲಿಗೆಗೆ ದಾರಿ ಬಿಡಿಸಿಕೊಟ್ಟವರಲ್ಲಿ ತೂರಾಡುವ ರತ್ನನೂ ಒಬ್ಬನೆಂದು ನಾನು ಎಣಿಸುತ್ತೇನೆ. ಪಂಡಿತರು ಒಪ್ಪದಿರಬಹುದು.

ನಮ್ಮ ಲೆಕ್ಕಿಗರು ಠಾಣೆಯಲ್ಲಿ ಕೊಟ್ಟ ಉತ್ತರವೂ ಇದೇ ವರ್ಗದ್ದು. ಹೆಂಡತಿಗೆ ಪದ ಹೇಳಲು ಹೋಗುತ್ತೇನೆ ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ನಂಬಿದ್ದರೆ ಜೀವಮಾನವೆಲ್ಲ ನಗೆಗೀಡಾಗಬೇಕಾಗುತ್ತಿತ್ತು. ಕುಡುಕನೆಂಬ ಹೆಸರಿನ ಮರೆಯಲ್ಲಿ ಅವರು ನಿಶ್ಚಿಂತರಾಗಿದ್ದರು.

ಹೀಗೆಂದು ನಾನು ಹೆಂಡವನ್ನು ಹೊಗಳಹೊರಟವನಲ್ಲ. ಆ ಸೀಮೆ ಅದರಿಂದ ಪಟ್ಟ ಪಾಡನ್ನು ಕಂಡಿದ್ದೇನೆ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1948ರ ಅಕ್ಟೋಬರ್ 2ರ ವೇಳೆಗೆ ಮದರಾಸು ಪ್ರಾಂತವಿಡೀ ಪಾನನಿಷೇಧಕ್ಕೆ ಒಳಪಟ್ಟಾಗ ಇಲ್ಲಿಯೂ ಅಂಗಡಿಗಳು ಮುಚ್ಚಿದವು. ಅತ್ತ, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಾಗೀರಾಗಿ ಬಂದ ಯಳಂದೂರು ಮೈಸೂರಿನದು. ಅಲ್ಲಿಯ ಕಾನೂನು ಬೇರೆ. ಎರಡು ಊರುಗಳ ನಡುವೆ ಕೆಲವೇ ಮೈಲಿ. ಮೈಸೂರು ರಾಜ್ಯದಲ್ಲಿ ನಿಷೇಧ ಸಡಿಲವಾದದ್ದು 1967ರಲ್ಲಿ. ಮುಂದೆ ಗುತ್ತಿಗೆದಾರರ ಸಾರಾಯಿ ಪಾಕೀಟುಗಳಲ್ಲಿ ಹಳ್ಳಿಹಳ್ಳಿಗೆ ಬಂದಿತು. 2007ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾಯಿತು. ಅಂಗಡಿ ಮುಚ್ಚಿ, ತೆರೆದು, ಮತ್ತೆ ಮುಚ್ಚಿದರೂ ಕೂಲಿಯ ದುಡ್ಡು ಮನೆ ಸೇರುವುದೆಂಬ ಭರವಸೆ ಹೆಂಗಸರಿಗೆ ಎಂದೂ ಬರಲಿಲ್ಲ. ಲೊಕ್ಕನಹಳ್ಳಿಯ ಸಂತೆಯ ದಿನ ರಾಗಿಯ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗಂಡನ ಕಣ್ಣು ತಪ್ಪಿಸಿ ಮನೆ ಸೇರುತ್ತಿದ್ದ ತಾಯಂದಿರು ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದ್ದಾರೆ. ರತ್ನನ ಪದಗಳನ್ನು ನಾನು ಎಷ್ಟೇ ಮೆಚ್ಚಿದರೂ ಒಂದು ಕೊರತೆ ಉಳಿಯುತ್ತದೆ. ನಂಜಿಯನ್ನು ನಾವು ಕಾಣುವುದೆಲ್ಲ ರತ್ನನ ಕಣ್ಣಿನಿಂದಲೇ. ಅವನು ಅಂಗಡಿಯಿಂದ ಬರುವವರೆಗೆ ಅವಳು ಬಾಗಿಲಲ್ಲಿ ಕುಳಿತು ಏನೆಂದುಕೊಂಡಳು?

ಆ ರಾತ್ರಿ ಬೂತಿನ ಹೊರಗೆ ನಿಂತಿದ್ದ ನನಗೆ ಒಬ್ಬ ನಂಜಿಯ ಉತ್ತರವಾದರೂ ಕೇಳಿಸಿತೆನ್ನಬೇಕು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಲೆಕ್ಕಿಗರು ಪದ ಹೇಳಿ ಮುಗಿಸಿದರು. ಆಮೇಲೆ ಬಹಳ ಹೊತ್ತು ಮಾತನಾಡಿದ್ದು ಅವರಲ್ಲ. ಅವರು ರಿಸೀವರನ್ನು ಕಿವಿಗೆ ಒತ್ತಿಕೊಂಡು, ಮೀಟರಿನ ಕಡೆಗೆ ನೋಡದೆ, ತಲೆಯಾಡಿಸುತ್ತಿದ್ದರು. ಕಛೇರಿಯಲ್ಲಿ ನಾನೆಂದೂ ನೋಡದ ಒಂದು ನಗು ಅವರ ಮುಖದಲ್ಲಿತ್ತು. ಹೊರಗೆ ಬಂದಮೇಲೆ, ನಾನು ಕೇಳದಿದ್ದರೂ ಹೇಳಿದರು: “ವಾರ್ಡಿನಲ್ಲಿ ಒಂದು ಮಗು ಉಳೀತಂತೆ. ಮೂರು ದಿನದಿಂದ ಅದರದೇ ಯೋಚನೆಯಲ್ಲಿದ್ದರು.” ಹೆಂಡತಿಯನ್ನು ಬಹುವಚನದಲ್ಲಿಯೇ ಹೇಳಿದರು, ನನ್ನೆದುರು ಅವರು ಲೆಕ್ಕಿಗರೇ ಹೊರತು ರತ್ನನಲ್ಲ. ಹನ್ನೊಂದು ದಿನದ ದಾಂಪತ್ಯದಲ್ಲಿ ಆಗದ ಪರಿಚಯ ಬಾರಿನ ಗೋಡೆಯ ಪಕ್ಕದಲ್ಲಿ, ಕಾಲುದರದಲ್ಲಿ, ವಾರಕ್ಕೆ ಇಪ್ಪತ್ತು ನಿಮಿಷದಂತೆ ಆಗುತ್ತಿತ್ತು. ಬಸ್ಸು ನಿಲ್ದಾಣದ ಹಿಂದಿನ ವಸತಿಗೃಹದಲ್ಲಿ ಹಗ್ಗದ ಮಂಚದ ಮೇಲೆ ಉಳಿದ ರಾತ್ರಿಯನ್ನು ಕಳೆದೆವು. ಸೊಳ್ಳೆಗಳಿಂದಾಗಿ ನಿದ್ರೆಯಿಲ್ಲ, ಭಾನುವಾರದ ಕೆಂಪು ಕಣ್ಣಿನ ರಹಸ್ಯವೂ ತಿಳಿಯಿತು.

1994ರ ಬೇಸಗೆಯಲ್ಲಿ ಅವರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಊರಿನವರು ಹಾರ ಹಾಕಿ ಬೀಳ್ಕೊಟ್ಟರು. “ಕುಡೀತಿದ್ರೂ ಲೆಕ್ಕದಲ್ಲಿ ಒಂದು ಕಾಸು ತಪ್ಪಿಲ್ಲ ಬುದ್ಧೀ” ಎಂದು ಹಿರಿಯರೊಬ್ಬರು ಹೊಗಳಿದ್ದಕ್ಕೆ ಲೆಕ್ಕಿಗರು ಕೈಮುಗಿದರು. ತಿದ್ದಲಿಲ್ಲ. ನನಗೂ ತಿದ್ದುವ ಅಧಿಕಾರವಿರಲಿಲ್ಲ.

ಕೆಲವು ದಿನಗಳ ಮೇಲೆ ನಾನು ಕೆಲಸದ ಮೇಲೆ ಕೊಳ್ಳೇಗಾಲಕ್ಕೆ ಹೋದಾಗ ಬಾರಿನ ಹುಡುಗ ಬೀದಿಯಲ್ಲಿ ಗುರುತು ಹಿಡಿದು ನಿಲ್ಲಿಸಿದ. ಆ ಸಾಹೇಬರು ಬರುತ್ತಿಲ್ಲ, ಶನಿವಾರ ಜನ ಕೇಳುತ್ತಾರೆ, ಪದಗಳನ್ನು ಬರೆದುಕೊಟ್ಟರೆ ತಾನೇ ಹೇಳುವುದಾಗಿ ಬೇಡಿದ. ಗ್ರಂಥಾಲಯದಿಂದ ಪುಸ್ತಕ ತಂದು ಮೂರು ಪದಗಳನ್ನು ದೊಡ್ಡ ಅಕ್ಷರದಲ್ಲಿ ನಕಲು ಮಾಡಿಕೊಟ್ಟೆ. ಅವನು ಅಲ್ಲಿಯೇ ನಿಂತು, ಬೆರಳಿಟ್ಟು, ಕೂಡಿಸಿ ಓದಿದ. ಹಕಾರವಿಲ್ಲದ ಆ ಮಾತುಗಳು ಅವನ ಬಾಯಲ್ಲಿ ಎಲ್ಲಿಯೂ ಎಡವಲಿಲ್ಲ.

“ಇದು ನಮ್ ಮಾತೇ ಅಲ್ವಾ ಸಾ? ಇದನ್ನ ಬರೆಯಾಕೆ ಕಾಲೇಜ್ ಮೇಷ್ಟ್ರು ಬೇಕಾಯ್ತಾ?” ಎಂದ. ಆಮೇಲೆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಳ್ಳುತ್ತ ಕೇಳಿದ: “ನಂಜಿ ಅನ್ನೋರು ದಿಟವಾಗ್ಲೂ ಇದ್ರಾ ಸಾ?”

“ಹುಬ್ಬಳ್ಳಿಯಲ್ಲಿದ್ದಾರೆ, ಶನಿವಾರ ರಾತ್ರಿ ಪಾಳಿ” ಎಂದೆ.